ಬೇವಿನ ಗಿಡ ಸುತ್ತಿದ ಕಾರು

ಮೊನ್ನೆ ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. ಒಂದು ಹಂಚಿನ ಮೇಲಿತ್ತು, ಇನ್ನೊಂದು ಕೈಕೆಳಗೆ ಅಗಲವಾಗುತ್ತಿತ್ತು. ಮಗಳು ಸುಮಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಯಾರೋ ತೀರಿಕೊಂಡ ಸುದ್ದಿ ತಂದವಳ ದನಿಯಲ್ಲಿ, "ಅವ್ವಾ, ಹೊಸಾ ಗಾಡಿ ಗಾಲಿಗೆ ತುಕ್ಕು ಹಿಡದೈತಿ" ಎಂದಳು.

ಅಳಿಯಂದಿರು ಹಿಂದಿನ ದಿನ ಸಂಜೆ ಬಾಗಲಕೋಟೆಯಿಂದ ಬಂದಿದ್ದರು. ಊರು ಡ್ಯಾಮಿನ ನೀರಿನಾಗ ಹೋಗತೈತಿ, ಹೋಗತೈತಿ ಎಂದು ಅಲ್ಲಿ ಎಲ್ಲರೂ ಹೇಳುತ್ತಿರುವಾಗಲೇ ಇವರು ಹೊಸ ಕಾರು ಕೊಂಡರು. ಈಗ ಎಲ್ಲ ಕಡೆ ಕಾಣುತ್ತವಲ್ಲ, ಆ ಸಣ್ಣ ಬಿಳಿ ಕಾರು. ಬಂದವರೇ ಚಹಾ ಕುಡಿಯುವುದಕ್ಕೂ ಮೊದಲು ಹುನಗುಂದದ ದಾರಿಯ ಧೂಳೆಲ್ಲ ಹೋಗುವ ಹಾಗೆ ಅದಕ್ಕೆ ಸ್ನಾನ ಮಾಡಿಸಿದರು. ಸುಮಾ ಒಂದು ಅರಿವೆ ತಗೊಂಡು ಗಾಜು ಒರಸಲು ಹೋದರೆ, "ನೀ ಮುಟ್ಟಬ್ಯಾಡ, ಹೊಸಾ ಗಾಡಿ" ಎಂದರು. ಒಳ್ಳೆಯವರೇ ಅನ್ನಿ. ಕುಡಿಯುವುದಿಲ್ಲ, ಬಡಿಯುವುದಿಲ್ಲ, ದಿನಾ ಲಿಂಗಪೂಜೆ ತಪ್ಪಿಸುವುದಿಲ್ಲ. ನಾನು ದೇವರಿಗೆ ದಿನಾ ಲೆಕ್ಕ ಒಪ್ಪಿಸುವಾಗ ಅಳಿಯಂದಿರ ಹೆಸರನ್ನೂ ಜಮೆಯ ಕಡೆಗೇ ಹಿಡಿಯುತ್ತೇನೆ. ಆದರೂ ಆ "ಮುಟ್ಟಬ್ಯಾಡ" ನನ್ನ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಸ್ನಾನ ಮುಗಿದ ಮೇಲೆ ಮಳೆಯೂ ಬಂದು ಬೆಳಗಿನ ತನಕ ಹಿಡಿದಿತ್ತು.

ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ತೂತಿನೊಳಗೆ ನೋಡಿದೆ. ಒಳಗೊಂದು ಕಬ್ಬಿಣದ ತಟ್ಟೆ. ಬ್ರೇಕು ತುಳಿದರೆ ಅದನ್ನು ಎರಡೂ ಮಗ್ಗುಲಿಂದ ಹಿಡಿಯುತ್ತದಂತೆ, ನಾವು ಚಿಮಟದಿಂದ ರೊಟ್ಟಿ ಹಿಡಿದ ಹಾಗೆ. ಅಳಿಯಂದಿರೇ ಹೇಳಿದರು. ಆ ತಟ್ಟೆಯ ಮೈತುಂಬ ಬಾದಾಮಿ ಗುಡ್ಡದ ಬಣ್ಣ. ಬೆರಳು ಮುಟ್ಟಿಸಿದೆ, ಕೆಂಪು ಹತ್ತಿತು. ಮೂಗಿಗೆ ಹಿಡಿದೆ. ತೊಳೆದು ಒರಸದೆ ಮರೆತ ಹಂಚಿನ ವಾಸನೆ. ಆ ವಾಸನೆಯನ್ನು ನಾನು ಹುಟ್ಟಿದ ಊರನ್ನು ಗುರುತಿಸುವಂತೆ ಗುರುತಿಸಿದೆ.

"ಅತ್ತೀ, ಇದಕ್ಕೊಂದೀಟು ಎಣ್ಣಿ ಹಚ್ಚಿದ್ರ ಹ್ಯಾಂಗರಿ?" ಎಂದರು ಅಳಿಯಂದಿರು.

ಎಣ್ಣೆ ಎಂಬ ಮಾತು ಕೇಳಿ ನನಗೆ ನಗು ಬಂತು. ಯಾಕೆ ಎಂದು ಅವರಿಗೆ ಹೇಳಲಿಲ್ಲ. ಹೇಳಬೇಕೆಂದರೆ ಭಾಳ ಹಿಂದಿನಿಂದ ಶುರು ಮಾಡಬೇಕು. ನಿಮಗೆ ಹೇಳುತ್ತೇನೆ, ನಿಮಗೇನು ಬಾಗಲಕೋಟೆಗೆ ಹೊರಡುವ ಅವಸರವಿಲ್ಲವಲ್ಲ.

ಸುಮಾ ಇನ್ನೂ ತೊದಲು ಮಾತಿನವಳಿದ್ದ ಕಾಲ. ನಮ್ಮವರದು ಒಂದು ಕರಿ ಅಂಬಾಸಿಡರ್ ಟ್ಯಾಕ್ಸಿ ಇತ್ತು. ಸೀರೆ ಕೊಳ್ಳಲು ಇಳಕಲ್ಲಿಗೆ ಬರುವ ಮದುವೆ ಮನೆಯವರು, ಸೋಮವಾರ ಕೂಡಲಸಂಗಮಕ್ಕೆ ಹೋಗುವವರು, ಶುಕ್ರವಾರ ಬನಶಂಕರಿಗೆ ಹೋಗುವವರು, ಶಿವಯೋಗ ಮಂದಿರಕ್ಕೆ ಹೋಗುವ ವಯಸ್ಸಾದವರು, ಎಲ್ಲರನ್ನೂ ಕೂರಿಸಿಕೊಂಡು ಹೋಗುತ್ತಿದ್ದರು. ಇಷ್ಟು ದೇವರಿಗೆ ಹೋದ ಮನುಷ್ಯ ಒಂದು ಗುಡಿಯ ಒಳಗೂ ಹೋಗಲಿಲ್ಲ, ಗಾಡಿ ಕಾಯಬೇಕಲ್ಲ. ಮಂದಿ ಕೊಟ್ಟ ಪ್ರಸಾದ ಮಾತ್ರ ಮನೆಗೆ ಬರುತ್ತಿತ್ತು. ಅಷ್ಟು ಬಂದರೂ ಸಾಕು ಎಂದು ನಾನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ.

ಪ್ರತಿ ಅಮಾವಾಸ್ಯೆಗೆ ಕಾರಿಗೆ ಪೂಜೆ. ನಿಮ್ಮ ಮನೆಯಲ್ಲೂ ಗಾಡಿ ಇದ್ದರೆ ನಿಮಗೂ ಗೊತ್ತು. ಅಂದು ಅದಕ್ಕೆ ಕೊಡಗಟ್ಟಲೆ ನೀರು, ನನ್ನ ತಲೆಸ್ನಾನಕ್ಕೆ ಉಳಿದ ನೀರು. ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ತೊಳೆದಾದ ಮೇಲೆ ಶಿವಯೋಗ ಮಂದಿರದಿಂದ ತಂದ ವಿಭೂತಿಯನ್ನು ಅದರ ಹಣೆಗೆ ಅಡ್ಡಲಾಗಿ ಎಳೆದು, ಕುಂಕುಮ ಇಟ್ಟು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆಯುತ್ತಿದ್ದರು. ನಿಂಬೆಹಣ್ಣು ಹೊತ್ತಿಗೆ ಮುಂಚೆ ಒಡೆಯಬಾರದೆಂದು ಹ್ಯಾಂಡ್‌ಬ್ರೇಕು ಜಗ್ಗಿ ಬಿಗಿದು ಇಡುತ್ತಿದ್ದರು. ಅಮಾವಾಸ್ಯೆಯ ದಿನ ಬಾಡಿಗೆಗೆ ಹೋಗುವುದಿಲ್ಲ, ಗಾಡಿ ಅಲುಗುವುದಿಲ್ಲ. ಮರುದಿನ ಮುಂಜಾನೆ ಶುರು ಮಾಡಿ ಬಿಟ್ಟರೆ ಹಿಂದಿನ ಗಾಲಿಗಳಿಂದ "ಟಕ್" ಎಂದು ಒಂದು ಸಪ್ಪಳ ಬರುತ್ತಿತ್ತು. "ನೋಡು, ಮೈ ಮುರೀತು" ಎನ್ನುತ್ತಿದ್ದರು ನಮ್ಮವರು. ನಮ್ಮ ಅತ್ತೆ ಆ ಸಪ್ಪಳಕ್ಕೆ ಕೈ ಮುಗಿಯುತ್ತಿದ್ದರು. ಅದು ಆಶೀರ್ವಾದವಲ್ಲ, ಒಳಗೆ ತುಕ್ಕು ಹಿಡಿದ ಬ್ರೇಕು ಗಾಲಿಯನ್ನು ಬಿಟ್ಟುಕೊಡುವ ಸಪ್ಪಳ ಎಂದು ಯಾರಿಗೂ ತಿಳಿದಿರಲಿಲ್ಲ. ಒದ್ದೆ ಕಬ್ಬಿಣ, ಜಗ್ಗಿದ ಬ್ರೇಕು, ದಿನವಿಡೀ ಬಿಡುವು. ತುಕ್ಕಿಗೆ ಇದಕ್ಕಿಂತ ದೊಡ್ಡ ಹಬ್ಬದೂಟ ಯಾರು ಬಡಿಸುತ್ತಾರೆ ಹೇಳಿ. ನಾವು ಭಕ್ತಿಯಿಂದ ತಿಂಗಳಿಗೊಮ್ಮೆ ಬಡಿಸುತ್ತಿದ್ದೆವು.

ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಹೀಗೇ ಪೂಜೆಯಾಯಿತು. ಮರುದಿನ ಮಾಳಿಗೆ ಸೋರುತ್ತದೆ ಎಂದು ನಮ್ಮವರು ಮಣ್ಣು ಹಾಕಲು ಮೇಲೆ ಹತ್ತಿದರು, ಕಾಲು ಜಾರಿ ಹಿತ್ತಲಿಗೆ ಬಿದ್ದರು. ತಲೆ ಜೋಳದ ಕಣಿಕೆಯ ಬಣವೆಯ ಮೇಲೆ, ಕಾಲು ಕಲ್ಲಿನ ಮೇಲೆ. ಅದಲುಬದಲಾಗಿದ್ದರೆ ನಾನು ಇದನ್ನು ಬೇರೆ ರೀತಿ ಬರೆಯಬೇಕಾಗುತ್ತಿತ್ತು. ತೊಡೆಯ ಎಲುಬು ಮುರಿದಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಸೊಂಟದ ತನಕ ಪಟ್ಟಿ ಹಾಕಿ ಮಲಗಿಸಿದರು. ಮನೆಗೆ ಕರೆತಂದಾಗ ನಾಗರ ಪಂಚಮಿ ಹತ್ತಿರ ಬಂದಿತ್ತು. ಪಡಸಾಲೆಯ ಕಿಟಕಿಯ ಬದಿಗೆ ಮಂಚ ಹಾಕಿದೆವು. ಕಿಟಕಿಯ ಎದುರಿಗೆ ಅಂಗಳದ ಬೇವಿನ ಗಿಡ, ಗಿಡದ ಪಕ್ಕದಲ್ಲಿ ಗಾಡಿ. ಕಣ್ಣು ಬಿಟ್ಟರೆ ಅದೇ ಕಾಣುತ್ತಿತ್ತು. ನಾನು ಅದನ್ನೂ ದಯೆ ಎಂದುಕೊಂಡೆ. ಅವರು ಹಾಗೆ ಅಂದುಕೊಳ್ಳಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಮಲಗುತ್ತಿದ್ದರು.

ಆಗ ನಮ್ಮ ಭಾವ ಬಂದರು, ನಮ್ಮವರ ಅಣ್ಣ. ಹುನಗುಂದದ ಕಡೆ ಹೊಲ ಮಾಡಿಕೊಂಡಿದ್ದರು. ಕೆಟ್ಟವರಲ್ಲ. ದವಾಖಾನೆಯಲ್ಲಿ ತಮ್ಮನ ಮಗ್ಗುಲಲ್ಲಿ ನೆಲದ ಮೇಲೆ ಮಲಗಿದವರು ಅವರೇ. ಆದರೆ ಒಂದು ಸಲ ಅವರ ಬಾಯಿಂದ ಮಾತು ಹೊರಬಿದ್ದರೆ ಅದು ಕಲ್ಲಿನ ಮೇಲೆ ಕೊರೆದಂತೆ. ಬಾಗಲಕೋಟೆಯವರೊಬ್ಬರು ಗಾಡಿ ಕೇಳಿದ್ದಾರೆ, ಕೊಟ್ಟುಬಿಡೋಣ ಎಂದರು. ತೋರಿಸಲು ಒಯ್ಯಬೇಕೆಂದು ಒಬ್ಬ ಡ್ರೈವರನನ್ನೂ ಕರೆತಂದಿದ್ದರು. ಅವನು ಹ್ಯಾಂಡಲ್ ಹೊಡೆದು ಎಂಜಿನ್ ಶುರು ಮಾಡಿದ. ಎಂಜಿನ್ ಒದರಿತು, ಗಾಡಿ ಮುಂದೆ ಹೋಗಲಿಲ್ಲ. ನಾನು ಕಿವಿಗೊಟ್ಟು ಕಾದೆ, "ಟಕ್" ಬರಲೇ ಇಲ್ಲ.

"ನೋಡವಾ ತಂಗಿ," ಎಂದರು ಭಾವ, "ಗಾಲಿ ಹಿಡಕೊಂಡಾವು. ಇನ್ನ ಇದು ಈ ಮನ್ಯಾಗ ದುಡಿಯೂದಿಲ್ಲ ಅಂತ ದೇವರೇ ಹೇಳ್ಯಾನ. ಅವರು ಬಂದು ಎತ್ತಿ ಹೇರಿಕೊಂಡು ಹೋಗ್ತಾರ."

ಒಳಗಿನಿಂದ ನಮ್ಮವರು ಗೋಡೆಗೆ ಹೇಳಿದ ಹಾಗೆ ಹೇಳಿದರು: "ಕೊಟ್ಟಬಿಡ್ರಿ ಅಣ್ಣಾ."

ಆ ಎರಡು ಮಾತು ಕೇಳಿದಾಗ ನನಗೆ ಒಂದು ಸಂಗತಿ ಖಾತ್ರಿಯಾಯಿತು. ಈ ಗಾಡಿ ಅಂಗಳದಿಂದ ಎತ್ತಿ ಹೇರಿಸಿಕೊಂಡು ಹೋದರೆ, ಈ ಮನುಷ್ಯ ಆ ಮಂಚದಿಂದ ಏಳುವುದಿಲ್ಲ. ಎಲುಬು ಕೂಡುತ್ತದೆ, ಮನುಷ್ಯ ಏಳುವುದಿಲ್ಲ.

ನಮ್ಮ ಕಡೆ ಗಂಡನ ಅಣ್ಣನ ಎದುರು ಸೊಸೆಯಂದಿರು ಬಾಯಿ ತೆರೆಯುವುದಿಲ್ಲ. ನಾನೂ ಅಲ್ಲಿಯ ತನಕ ತೆರೆದವಳಲ್ಲ. ಸೆರಗು ತಲೆಯ ಮೇಲೇ ಇತ್ತು, ಜಗ್ಗಿ ಸರಿಮಾಡಿಕೊಂಡೆ. ಆದರೆ ಮಾತು ನೆಲ ನೋಡಲಿಲ್ಲ.

"ದೇವರು ನಿಮ್ಮ ಕಿವ್ಯಾಗ ಒಂದು ಹೇಳ್ಯಾನ್ರಿ ಭಾವ, ನನ್ನ ಕಿವ್ಯಾಗ ಒಂದು ಹೇಳ್ಯಾನ. ಗಾಡಿ ಕೊಡೂದಿಲ್ಲ."

"ಹಿಡಕೊಂಡ ಗಾಲಿ ಇಟಗೊಂಡು ಏನ ಮಾಡ್ತಿ? ಅದರಾಗ ಸಗಣಿ ಕುಳ್ಳ ತುಂಬತಿ?"

"ತಿರಗಸ್ತೇನಿ."

"ಯಾರು?"

"ನಾ."

ಭಾವ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಗಿಡ ನೋಡಿದರು. "ಆತು. ಬನ್ನಿ ಮುಡಿಯೂ ದಿನ ಈ ಗಾಡಿ ತನ್ನ ಗಾಲಿ ಮ್ಯಾಲೆ ಬನ್ನಿ ಗಿಡದ ತನಕ ಹೋದರ ನಿಮ್ಮದು. ಹೋಗಲಿಲ್ಲ ಅಂದ್ರ ಬಾಗಲಕೋಟಿಯವರದು. ಆಮ್ಯಾಲೆ ಯಾರೂ ಮಾತಾಡಬಾರದು." ನಾನು ಒಪ್ಪಿದೆ. ನಮ್ಮವರನ್ನು ಯಾರೂ ಕೇಳಲಿಲ್ಲ.

ಒಪ್ಪಿದೆ ಏನೋ ಸರಿ, ಗಾಲಿ ಹ್ಯಾಂಗೆ ಬಿಚ್ಚುತ್ತಾರೆ ಎಂದು ನನಗೆ ಗೊತ್ತಿದ್ದರೆ ತಾನೆ. ಮಗ್ಗುಲ ಮನೆಯ ಮಾಬೂಬಿಯನ್ನು ಕರೆದೆ. ಗಾದಿ ಹೊಲಿಯುವ ಮನೆತನದವಳು. ಅರಳೆ ಬಡಿದು ಬಡಿದು ಅವಳ ತೋಳು ಗಂಡಸರ ತೋಳಿನಂತೆ ಆಗಿದ್ದವು. "ಅಕ್ಕಾ, ಗಾಡಿ ಬಿಚ್ಚೂದಂದ್ರ ಗಾದಿ ಬಿಚ್ಚಿದಂಗ. ಒಳಗ ಏನೈತಿ ನೋಡಿ ಹೊಲದ್ರ ಆತು" ಎಂದು ಅವಳು ಕಚ್ಚೆ ಕಟ್ಟಿದವಳಂತೆ ಬಂದಳು. ನಾವಿಬ್ಬರೂ ಗಾಡಿಯ ಸುತ್ತ ತಿರುಗಿದೆವು. ಮುಂದೆ ಏನು ಮಾಡಬೇಕೋ ತಿಳಿಯದೆ ಮಾಬೂಬಿ ಹಿಂದಿನ ಗಾಲಿಗೆ ಸುತ್ತಿಗೆ ಎತ್ತಿದಳು.

"ಏ ಸುಮ್ಮಿ ಅವ್ವಾ, ಅಲ್ಲಿ ಹೊಡೀಬ್ಯಾಡ್ರಿ."

ಕಿಟಕಿಯಿಂದ ಬಂತು ದನಿ. ಎಷ್ಟೋ ದಿನದ ಮೇಲೆ ಆ ಮುಖ ಗೋಡೆಯಿಂದ ಈಚೆ ತಿರುಗಿತ್ತು. "ಮೊದಲ ಮುಂದಿನ ಗಾಲಿಗೆ ಕಲ್ಲು ಕೊಡ್ರಿ. ಹ್ಯಾಂಡ್‌ಬ್ರೇಕು ಬಿಡ್ರಿ. ಆಮ್ಯಾಲೆ ಜಾಕಿ." ನಾನು ಬೇಕೆಂದೇ ಜಾಕಿಯನ್ನು ತಪ್ಪು ಜಾಗಕ್ಕೆ ಇಟ್ಟೆ ಎಂದು ಅವರು ಕೊನೆಯ ತನಕ ನಂಬಿದ್ದರು. ಬೇಕೆಂದು ಇಟ್ಟದ್ದಲ್ಲ, ನನಗೆ ಸರಿಯಾದ ಜಾಗ ಗೊತ್ತಿರಲಿಲ್ಲ. ಅವರು ಬೈಯುತ್ತ ಮೊಣಕೈ ಊರಿ ಅರ್ಧ ಮೇಲೆದ್ದರು. ಬೈಗುಳ ಕೇಳಿ ಇಷ್ಟು ಖುಷಿಯಾದದ್ದು ನನ್ನ ಸಂಸಾರದಲ್ಲಿ ಅದೊಂದೇ ಸಲ.

ಗಾಲಿ ಬಿಚ್ಚಿದರೆ ಒಳಗೆ ಡ್ರಮ್ಮು, ಕಬ್ಬಿಣದ ಬೋಗುಣಿಯನ್ನು ಮಗ್ಗುಲಾಗಿ ನಿಲ್ಲಿಸಿದ ಹಾಗೆ. ಅದರೊಳಗೆ ಚಂದ್ರನ ಹೋಳಿನಂಥ ಎರಡು ಲೈನರು. ಬ್ರೇಕು ತುಳಿದರೆ ಅವು ಅಗಲಾಗಿ ಬೋಗುಣಿಯ ಒಳಮೈಯನ್ನು ಒತ್ತಿ ಹಿಡಿಯುತ್ತವೆ. ಜಗ್ಗಿ ಇಟ್ಟ ಬ್ರೇಕು ಇಡೀ ಮಳೆಗಾಲ ಒತ್ತಿ ಹಿಡಿದೇ ಇತ್ತು, ತುಕ್ಕು ಎರಡನ್ನೂ ಕೂಡಿಸಿ ಹೊಲಿದುಬಿಟ್ಟಿತ್ತು. ಕಟ್ಟಿಗೆಯ ತುಂಡು ಅಡ್ಡ ಹಿಡಿದು ಸುತ್ತಲೂ ಬಡಿದೆವು. ಒಮ್ಮೆ ನಾನು, ಒಮ್ಮೆ ಮಾಬೂಬಿ, ಖಾರ ಕುಟ್ಟುವಾಗ ಒನಕೆ ಹಾಕುವ ಹಾಗೆ. ಮಧ್ಯಾಹ್ನದ ಹೊತ್ತಿಗೆ ಡ್ರಮ್ಮು ಕಳಚಿ ಬಂತು. ಒಳಗಿನಿಂದ ಕೆಂಪು ಹಿಟ್ಟು ಸುರಿಯಿತು. "ಯವ್ವಾ, ಗಾಡಿ ಒಳಗ ಕುಂಕುಮದ ಕಾರ್ಖಾನಿ" ಎಂದಳು ಮಾಬೂಬಿ.

ಉಸುಕಿನ ಕಾಗದ ತಗೊಂಡು ಒಳಮೈ ತಿಕ್ಕಿದೆ. ತಿಕ್ಕುವುದರಲ್ಲಿ ಮಾತ್ರ ನನ್ನನ್ನು ಯಾರೂ ಮೀರಿಸಲಾರರು. ಬೆಳ್ಳಿಯ ಬಟ್ಟಲಿನಂತೆ ಹೊಳೆಯಿತು. ಆಮೇಲೆ ಏನು ಮಾಡಬೇಕೆಂದು ಯಾರನ್ನೂ ಕೇಳುವ ಅಗತ್ಯ ನನಗೆ ಕಾಣಲಿಲ್ಲ. ಕಬ್ಬಿಣದ ಹಂಚು ತೊಳೆದ ಮೇಲೆ ನಾವೇನು ಮಾಡುತ್ತೇವೆ? ಒಲೆಯ ಮೇಲಿಟ್ಟು ಒಣಗಿಸಿ ಎಣ್ಣೆ ಸವರಿ ಇಡುತ್ತೇವೆ. ಒಳಗೆ ಹೋಗಿ ಕುಸುಬಿ ಎಣ್ಣೆಯ ಗಿಂಡಿ ತಂದೆ, ಅರಿವೆ ಅದ್ದಿದೆ.

"ಏ, ಎಣ್ಣಿ ಮುಟ್ಟಸಬ್ಯಾಡ. ಮಂದೀನ ಕೊಲ್ತಿ ಏನ?"

ನಾನು ಅರಿವೆ ಹಿಡಿದು ನಿಂತೆ. ಮಾಬೂಬಿ ನನ್ನ ಮುಖ ನೋಡಿದಳು.

"ಬ್ರೇಕು ಹಿಡಿಯೂದ ತಿಕ್ಕಾಟದಾಗ. ಎಣ್ಣಿ ಹಚ್ಚಿದ್ರ ಜಾರತೈತಿ, ಗಾಡಿ ನಿಲ್ಲೂದಿಲ್ಲ" ಎಂದರು ನಮ್ಮವರು.

"ಹಂಗಾರ ತುಕ್ಕು ಹಿಡೀದಂಗ ಏನ ಹಚ್ಚೂದ್ರಿ?"

"ಏನೂ ಹಚ್ಚೂದಲ್ಲ. ದಿನಾ ಓಡಸೂದು, ದಿನಾ ಬ್ರೇಕು ಹಾಕೂದು. ತಿಕ್ಕಿ ತಿಕ್ಕಿ ತಾನ ಹೋಗತೈತಿ."

ಈ ಮಾತನ್ನು ನಾನು ಆಮೇಲೆ ಎಷ್ಟೋ ಸಲ ಒಲೆಯ ಮುಂದೆ ಕೂತು ಮೆಲುಕು ಹಾಕಿದ್ದೇನೆ. ನಾವು ಹೆಂಗಸರು ಯಾವುದನ್ನು ಕಾಪಾಡಬೇಕೆಂದರೂ ಒರಸಿ, ಸವರಿ, ಅರಿವೆಯಲ್ಲಿ ಸುತ್ತಿ ಒಳಗಿಡುತ್ತೇವೆ. ಬೆಳ್ಳಿ, ಬಂಗಾರ, ಸೀರೆ, ಉಪ್ಪಿನಕಾಯಿ, ಹೆಣ್ಣುಮಕ್ಕಳು. ಒಳಗಿಟ್ಟರೆ ಕೆಡುವ ವಸ್ತುವೂ ಲೋಕದಲ್ಲಿ ಇದೆ ಎಂದು ಆ ದಿನ ತಿಳಿಯಿತು.

ಇನ್ನೊಂದು ಹಿಂದಿನ ಗಾಲಿಯನ್ನೂ ಹೀಗೇ ಬಿಚ್ಚಿ ತಿಕ್ಕಿ, ಎರಡನ್ನೂ ಅವರು ಹೇಳಿದ ಹಾಗೆ ಮತ್ತೆ ಕೂಡಿಸಿದೆವು. ಆದರೆ ದಿನಾ ಓಡಿಸುವುದು ಯಾರು? ಬಾಡಿಗೆಯ ಡ್ರೈವರನಿಗೆ ಕೊಟ್ಟರೆ ಗಾಡಿ ಅವನದಾಗುತ್ತದೆ. "ನಾ ತಿರಗಸ್ತೇನಿ" ಎಂದು ಭಾವನ ಮುಂದೆ ಹೇಳಿ ಆಗಿತ್ತು. ಮಾಬೂಬಿ ಹ್ಯಾಂಡಲ್ ಹೊಡೆದಳು, ನಾನು ಸೆರಗು ಬಿಗಿದು ಕೂತೆ, ಅವರು ಕಿಟಕಿಯಿಂದ ಹೇಳಿದರು. ಮೊದಲ ಸಲ ಗಾಡಿ ಹೋರಿಯಂತೆ ಜಿಗಿದು ಸತ್ತುಹೋಯಿತು. ಎರಡನೆಯ ಸಲವೂ ಹಾಗೇ. ಆಮೇಲೆ ಒಂದು ಸಲ ಹೊರಟೇಬಿಟ್ಟಿತು. ಬೇವಿನ ಗಿಡದಿಂದ ಎದುರಿನ ಬಯಲಿನ ಹಾಳುಬಾವಿಯ ತನಕ, ಅಲ್ಲಿಂದ ಹಿಂದಕ್ಕೆ. ಬಾವಿ ಹತ್ತಿರ ಬಂದ ಹಾಗೆ ಬ್ರೇಕು ತಾನಾಗಿಯೇ ಜೋರಾಗಿ ಬೀಳುತ್ತಿತ್ತು. ಹೆದರಿಕೆಯೂ ಒಂದು ಗುರು.

ನಮ್ಮ ಓಣಿಯಲ್ಲಿ ಮನೆಮನೆಗೆ ಮಗ್ಗ. ಬೆಳಗಿನಿಂದ ಲಟಕ್ ಲಟಕ್ ಎಂದು ಮಗ್ಗದ ಸಪ್ಪಳ ಹರಿಯುತ್ತಿರುತ್ತದೆ, ಅದು ಇದೆ ಎಂಬುದೇ ನಮಗೆ ಮರೆತಿರುತ್ತದೆ. ನಾನು ಗಾಡಿ ಶುರು ಮಾಡಿದರೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತಿದ್ದವು. ಎಲ್ಲರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಲಾಳಿ ಬಂತು ನೋಡ್ರಲೇ, ಆ ಕಡಿಂದ ಈ ಕಡಿಗಿ, ಈ ಕಡಿಂದ ಆ ಕಡಿಗಿ. ಇಷ್ಟು ತಿರುಗಿ ಎಷ್ಟು ಮೊಳ ನೇಯ್ದಿವಾ?" ಎಂದು ಕೇಳುತ್ತಿದ್ದ ಎದುರು ಮನೆಯ ಮುದುಕ. "ನಿನ್ನ ಹೆಣದ ಮ್ಯಾಲೆ ಹೊದಸೋವಷ್ಟು ನೇಯ್ದೇನಿ, ಇನ್ನ ಅಂಚು ಬಾಕಿ ಐತಿ" ಎಂದು ಮಾಬೂಬಿ ನನ್ನ ಪರವಾಗಿ ಉತ್ತರ ಕೊಡುತ್ತಿದ್ದಳು. ಮುದುಕ ಅದಕ್ಕೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಗುಡಿಯಲ್ಲಿ ಕೆಲವು ಹೆಂಗಸರು ನನ್ನ ಮಗ್ಗುಲಿಂದ ಸರಿದು ಕೂತರು. ಅಗಲವಾಗಿ ಕೂತು ಪೂಜೆ ನೋಡಲು ಜಾಗವಾಯಿತು ಎಂದುಕೊಂಡೆ.

ಮಳೆ ಬಂದ ಮರುದಿನ ನಮ್ಮವರು ಕಿಟಕಿಯಿಂದ ಹೇಳುತ್ತಿದ್ದರು, "ಬ್ರೇಕಿನ ಮ್ಯಾಲೆ ಕಾಲು ಹಗೂರಕ ಇಟ್ಟು ನಡಸು. ಬಿಸಿ ಆಗಲಿ. ಹಂಚು ಒಣಗಸ್ತೀಯಲ್ಲ, ಹಂಗ." ನಿಲ್ಲಿಸುವಾಗ ಹ್ಯಾಂಡ್‌ಬ್ರೇಕು ಜಗ್ಗುವುದಲ್ಲ, ಗಾಲಿಗೆ ಕಲ್ಲು ಕೊಡುವುದು. ಇಷ್ಟೇ ವಿದ್ಯೆ. ಅವರ ಕಾಲಿನ ಪಟ್ಟಿ ಬಿಚ್ಚಿದ ಮೇಲೆ ಬಗಲಿಗೆ ಬಡಿಗೆ ಕೊಟ್ಟುಕೊಂಡು ಕಟ್ಟೆಯ ತನಕ ಬಂದು ಕೂತು ಬೈಯಲು ಶುರು ಮಾಡಿದರು. ಕಿಟಕಿಯಿಂದ ಬೈದದ್ದು ಸಾಲದೆಂದು.

ಮಹಾನವಮಿ ಬಂತು. ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಇಟ್ಟದ್ದನ್ನು ಬನ್ನಿ ಮುಡಿಯುವ ತನಕ ಎತ್ತುವಂತಿಲ್ಲ. ಕುಡಗೋಲು, ಒನಕೆ, ಈಳಿಗೆ, ಎಲ್ಲಕ್ಕೂ ಬಿಡುವು. ನಾನು ಕಾಯಿಪಲ್ಲೆ ಹೆಚ್ಚುವುದನ್ನೂ ಹಿಂದಿನ ದಿನವೇ ಮುಗಿಸಿಕೊಳ್ಳುತ್ತೇನೆ. ಭಾವ ಪೂಜೆಗೆಂದು ಮುಂಜಾನೆಯೇ ಬಂದರು. ನಾನು ಹೋಳಿಗೆಯ ಹೂರಣ ರುಬ್ಬುತ್ತ ಒಳಗಿದ್ದೆ. ಹೊರಗೆ ಬರುವಷ್ಟರಲ್ಲಿ ಅವರು ಭಕ್ತಿಯಿಂದ ಗಾಡಿಯನ್ನು ಗಾಲಿಯ ಸಂದಿಗೊಂದಿಗೂ ಬಿಡದೆ ತೊಳೆದಿದ್ದರು, ವಿಭೂತಿ ಎಳೆದಿದ್ದರು, ನಿಂಬೆಹಣ್ಣು ಇಟ್ಟಿದ್ದರು, ಹ್ಯಾಂಡ್‌ಬ್ರೇಕನ್ನು ಮೈಯ ಬಲವೆಲ್ಲ ಹಾಕಿ ಜಗ್ಗಿದ್ದರು. ಹಸ್ತದ ಮಳೆ ಮೋಡ ಕಟ್ಟಿಕೊಂಡು ನಿಂತಿತ್ತು.

ಎಲ್ಲರೂ ಕೂಡಿ ಆರತಿ ಮಾಡಿದೆವು. ಕಾಯಿ ಒಡೆದರು. ನಾನು ಕೈ ಮುಗಿದು ಕಣ್ಣು ಮುಚ್ಚಿದರೆ ಕಾಣುವುದು ದೇವರಲ್ಲ, ಆ ಕೆಂಪು ಹಿಟ್ಟು. ನಾಳೆ ಬನ್ನಿ. ಒಂದು ಇರುಳಿನಲ್ಲಿ ಗಾಲಿ ಹಿಡಿದುಕೊಳ್ಳುತ್ತದೆಯೇ? ಹಿಡಿಯಲಿಕ್ಕಿಲ್ಲ. ಬರೀ "ಟಕ್" ಎಂದು ಬಿಟ್ಟುಕೊಡಬಹುದು. ಆದರೆ ಮನೆಯನ್ನೇ ಪಣಕ್ಕಿಟ್ಟಾಗ ಅದನ್ನು ಪರೀಕ್ಷೆ ಮಾಡಿ ನೋಡುವವರು ಯಾರು?

ಆರತಿ ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟೆ. ಗಾಡಿಯ ಬಾಗಿಲು ತೆಗೆದು ಕೂತೆ.

"ಏನ ಮಾಡ್ತಿ ತಂಗಿ?" ಎಂದರು ಭಾವ.

"ಗಾಲಿ ಒಣಗಸ್ತೇನ್ರಿ."

"ಪೂಜಿ ಆಗೇತಿ. ಬನ್ನಿ ತನಕ ಅಲಗಸೂಹಂಗಿಲ್ಲ. ಹಿರ್ಯಾರು ಮಾಡಿದ್ದನ್ನ ಮುರೀತಿ ಏನ?"

"ಮುರಿಯೂದಿಲ್ರಿ. ಊರಾಗ ಒಯ್ಯೂದಿಲ್ಲ. ತಾಯವ್ವನ ಗಿಡಕ್ಕ ಪ್ರದಕ್ಷಿಣಿ ಹಾಕಸ್ತೇನಿ. ನಾವೆಲ್ಲಾ ಹಾಕ್ಲಿಲ್ಲೇನು? ಇದೂ ಈ ಮನಿ ಮಗಳ."

ನಮ್ಮ ಬೇವಿನ ಬುಡದಲ್ಲಿ ಅರಿಷಿಣ ಹಚ್ಚಿದ ಎರಡು ಕಲ್ಲಿವೆ. ಅತ್ತೆ ಅವನ್ನು ತಾಯವ್ವ ಎಂದು ಪೂಜಿಸುತ್ತಿದ್ದರು. ಭಾವ ಗಾಡಿಯ ಮುಂದೆ ಬಂದು ನಿಂತುಕೊಂಡರು. ಮೂಗಿನ ಮೇಲೆ ಬೆವರು ಬಂದಿತ್ತು, ಅವರಿಗೂ ನನಗೂ. ನಾನು ಇಳಿಯಲಿಲ್ಲ. ಇಳಿದಿದ್ದರೆ ಆ ದಿನವೇ ಅಲ್ಲ, ಮುಂದೆ ಯಾವ ದಿನವೂ ಹತ್ತುತ್ತಿರಲಿಲ್ಲ. ನಮ್ಮವರು ಕಟ್ಟೆಯ ಮೇಲಿಂದ ಅಣ್ಣನನ್ನೂ ನೋಡಿದರು, ನನ್ನನ್ನೂ ನೋಡಿದರು, ಬಾಯಿ ಬಿಡಲಿಲ್ಲ. ಅದನ್ನು ನಾನು ಇನ್ನೂ ಪೂರ್ತಿ ಮಾಫು ಮಾಡಿಲ್ಲ.

ಮಾತಾಡಿದವರು ಅತ್ತೆ. ತುಂಬಾ ಮಾತಿನವರಲ್ಲ ಅವರು, ಆರತಿ ತಟ್ಟೆಯಲ್ಲಿನ ದೀಪ ಆರದ ಹಾಗೆ ಕೈ ಅಡ್ಡ ಹಿಡಿದು ನಿಂತಿದ್ದರು. "ಸರಿಯೋ ಯಪ್ಪಾ ಅತ್ತಾಗ. ಗುಡಿ ಸುತ್ತಿದವರು ಎಲ್ಲೀಗೂ ಹೋದಂಗ ಅಲ್ಲ. ಸುತ್ತಲಿ."

ಭಾವ ಸರಿದರು. ನಾನು ಹ್ಯಾಂಡ್‌ಬ್ರೇಕು ಬಿಟ್ಟೆ. ನಿಂಬೆಹಣ್ಣು ಒಡೆದವು, ಗಾಡಿ ಹೊರಟಿತು. ಕೊರಳಿಗೆ ಚೆಂಡುಹೂವಿನ ಹಾರ, ಹಣೆಗೆ ವಿಭೂತಿ, ಕಾಲಿನ ಕೆಳಗೆ ಬ್ರೇಕು ಹಗೂರಕ. ಗಿಡವನ್ನು ಸುತ್ತಿದೆ, ಸುತ್ತಿದೆ, ಗಾಲಿಗಳ ಹತ್ತಿರ ಬಿಸಿ ಕಬ್ಬಿಣದ ವಾಸನೆ ಬರುವ ತನಕ ಸುತ್ತಿದೆ. ಸುತ್ತಿಗೊಮ್ಮೆ ಮನಸ್ಸಿನಲ್ಲಿ "ತಾಯವ್ವಾ" ಎಂದೆ. ನೆಪವೆಂದು ಹೇಳಿದ್ದಲ್ಲ ಅದು. ನನ್ನ ಆಯುಷ್ಯದಲ್ಲಿ ಅಷ್ಟು ಮನಸ್ಸಿಟ್ಟು ಹಾಕಿದ ಪ್ರದಕ್ಷಿಣೆ ಮತ್ತೊಂದಿಲ್ಲ. ಓಣಿಯ ಮಗ್ಗಗಳು ಹಬ್ಬದ ಬಿಡುವಿನಲ್ಲಿದ್ದವು, ಆದ್ದರಿಂದ ನಿಲ್ಲುವ ತೊಂದರೆ ಅವಕ್ಕಿರಲಿಲ್ಲ.

ಇರುಳು ಹ್ಯಾಂಡ್‌ಬ್ರೇಕು ಜಗ್ಗದೆ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ್ದೆ. ಮರುದಿನ ಮಳೆಯಲ್ಲಿ ತೊಯ್ದು ಎದ್ದ ಗಾಡಿ ಸದ್ದಿಲ್ಲದೆ ಹೊರಟಿತು. "ಟಕ್" ಎಂದು ಕೂಡ ಅನ್ನಲಿಲ್ಲ. ಮಗ್ಗುಲಲ್ಲಿ ನಮ್ಮವರು ಬಡಿಗೆ ಹಿಡಿದು, ಹಿಂದೆ ಅತ್ತೆ, ಸುಮಾ, ಭಾವ. ಬಜಾರದ ನಡುವಿನಿಂದಲೇ ಒಯ್ದೆ. ಹಿತ್ತಲ ದಾರಿ ಇತ್ತು, ಬೇಡ ಎಂದೆ. ಲೈಸೆನ್ಸು ಇತ್ತೇ ಎಂದು ನೀವು ಕೇಳಬೇಡಿ, ಬನ್ನಿ ಗಿಡದ ತನಕ ಯಾರೂ ಕೇಳಲಿಲ್ಲ. ಅದೂ ಒಂದು ದಯೆ. ಗಿಡದ ಹತ್ತಿರ ಭಾವ ನನ್ನ ಕೈಗೆ ಬನ್ನಿ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದರು. ನಾನು ಕಾಲಿಗೆ ನಮಸ್ಕಾರ ಮಾಡಿದೆ. ಎದ್ದಾಗ ಮೆಲ್ಲಗೆ, "ಕ್ಲಚ್ ಭಾಳ ತುಳೀತಿ" ಎಂದರು. ಬಾಗಲಕೋಟೆಯವರ ಮಾತು ಮತ್ತೆ ಆ ಬಾಯಿಂದ ಬರಲಿಲ್ಲ.

ನಮ್ಮವರು ಕುಂಟುತ್ತಲೇ ಮತ್ತೆ ಗಾಡಿ ಹಿಡಿದರು, ಎಷ್ಟೋ ವರ್ಷ ನಡೆಸಿದರು. ನಾನು ಕೀಲಿ ಅವರ ಕೈಗೆ ಕೊಟ್ಟೆ. ಆದರೆ ಅಮಾವಾಸ್ಯೆಯ ಪೂಜೆಯ ಕ್ರಮ ಬದಲಾಯಿತು. ತೊಳೆದ ಮೇಲೆ ಗಾಡಿ ತಾಯವ್ವನ ಗಿಡ ಸುತ್ತಬೇಕು, ಸುತ್ತಿಸುವವಳು ನಾನು, ಆಮೇಲೆ ನಿಂಬೆಹಣ್ಣು. ಇದನ್ನು ನೋಡಿ ಉಳಿದ ಟ್ಯಾಕ್ಸಿಯವರೂ ಶುರು ಮಾಡಿದರು. ಈಗ ಅಮಾವಾಸ್ಯೆಯ ದಿನ ಸ್ಟ್ಯಾಂಡಿನ ಹತ್ತಿರ ಹೋಗಿ ನೋಡಿ, ತೊಳೆದ ಗಾಡಿಗಳು ಒಂದು ಗಿಡ ಸುತ್ತುತ್ತಿರುತ್ತವೆ. ಯಾಕಪ್ಪಾ ಎಂದರೆ, "ಹಿರ್ಯಾರ ಪದ್ಧತಿ ಐತ್ರಿ" ಎನ್ನುತ್ತಾರೆ. ಹಿರಿಯರು ಯಾರೆಂದು ನಾನು ಹೇಳಲು ಹೋಗುವುದಿಲ್ಲ.

ನಮ್ಮವರು ತೀರಿಹೋದ ಮೇಲೆ ಗಾಡಿ ಮಾರಿದೆ. ಮಾರು ಎಂದು ಯಾರೂ ಹೇಳಲಿಲ್ಲ, ಮಾರಲೇ ಎಂದು ನಾನೂ ಯಾರನ್ನೂ ಕೇಳಲಿಲ್ಲ. ಅದು ತನ್ನ ಗಾಲಿಯ ಮೇಲೆ ಅಂಗಳ ದಾಟಿ ಹೋಯಿತು. ಅಲ್ಲಿಂದೀಚೆಗೆ ನಾನು ಯಾವ ಗಾಡಿಯಲ್ಲೂ ಎಡಗಡೆಯವಳು, ಇಲ್ಲವೇ ಹಿಂದಿನವಳು.

ಎಲ್ಲಿಗೆ ಬಂದಿದ್ದೆ? ಹೌದು, ಎಣ್ಣೆ. ಅಳಿಯಂದಿರು ಇನ್ನೂ ನನ್ನ ಮುಖ ನೋಡುತ್ತಿದ್ದರು. ನನ್ನ ಬೆರಳಿನ ತುಕ್ಕನ್ನು ನಾನು ನೋಡುತ್ತಿದ್ದೆ.

"ಎಣ್ಣಿ ಬ್ಯಾಡ್ರಿ. ಕೀಲಿ ಕೊಡ್ರಿ" ಎಂದೆ.

"ಯಾರಿಗ್ರಿ?"

"ನನಗ."

ಕೊಟ್ಟರು. ಅತ್ತೆಯ ಮಾತಿಗೆ ಇಲ್ಲ ಎನ್ನಲು ಬಾರದ ಸಂಸ್ಕಾರ ಅವರದು, ಅದನ್ನೂ ಜಮೆಗೆ ಹಾಕಿದೆ. ಸುಮಾಳನ್ನು ಮಗ್ಗುಲಲ್ಲಿ ಕೂರಿಸಿಕೊಂಡೆ. ಗಾಡಿ ಸಣ್ಣದು, ಎಲ್ಲ ಕೈಗೆ ಹತ್ತಿರ, ಆದರೆ ಕಾಲಿಗೆ ಹಳೆಯ ನೆನಪು ಇತ್ತು. ಹಿಟ್ಟಿನ ಬೆರಳು ಸ್ಟೇರಿಂಗಿನ ಮೇಲೆ ಅಚ್ಚೊತ್ತಿದವು. ಗಿಡ ಸುತ್ತಿದೆ. ಮೊದಲ ಬ್ರೇಕಿಗೆ ಗಾಲಿ ಕರ್ರ್ ಎಂದಿತು, ಎರಡನೆಯದಕ್ಕೆ ಕಡಿಮೆಯಾಯಿತು, ಆಮೇಲೆ ಸದ್ದೇ ಇಲ್ಲ. ನಿಲ್ಲಿಸಿದಾಗ ಅಳಿಯಂದಿರು ಬಗ್ಗಿ ನೋಡಿ, "ಹೋತಲ್ರಿ. ಬೆಳ್ಳಗ ಹೊಳೀಲಿಕ್ಕೆ ಹತ್ತೇತಿ" ಎಂದರು.

ಕಟ್ಟೆಯ ಮೇಲೆ ಭಾವ ಬಿಸಿಲಿಗೆ ಕೂತಿದ್ದರು. ಈಗ ಅವರಿಗೆ ಕಣ್ಣು ಮಂಜು, ಹಬ್ಬ ಹುಣ್ಣಿವೆಗೆ ಬಂದರೆ ನಾಲ್ಕು ದಿನ ಇದ್ದು ಹೋಗುತ್ತಾರೆ. "ಕ್ಲಚ್ ಇನ್ನೂ ಭಾಳ ತುಳೀತಾಳ" ಎಂದರು, ಯಾರಿಗೆ ಎಂದು ಗೊತ್ತಿಲ್ಲ.

ನಾನು ಇಳಿದೆ, ಕೀಲಿಯನ್ನು ಮಾತ್ರ ಅಲ್ಲೇ ಬಿಟ್ಟೆ. "ಸರಿ ಈ ಕಡಿಗಿ" ಎಂದೆ ಸುಮಾಗೆ.

"ಅತ್ತೀ, ಆಕಿಗೆ ಬರೂದಿಲ್ರಿ."

"ನನಗೂ ಬರ್ತಿರಲಿಲ್ರಿ. ಗಾಡಿ ನಿಮ್ಮದು, ಮಗ್ಗುಲಾಗ ಕುಂತು ಬೈಯ್ರಿ. ಬೈದ್ರ ಲಗೂ ಬರತೈತಿ."

ಸುಮಾ ಸ್ಟೇರಿಂಗು ಹಿಡಿದು ಗಂಡನ ಕಡೆ ನೋಡಿದಳು.

"ಅವರನ್ಯಾಕ ನೋಡ್ತಿ?" ಎಂದೆ. "ಗಿಡಾ ನೋಡು."

ಒಳಗೆ ಬಂದರೆ ಹಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆಯಾಡುತ್ತಿತ್ತು. ಅದನ್ನು ಎಮ್ಮೆಗೆ ತೆಗೆದಿಟ್ಟೆ. ಹಂಚನ್ನು ಒಣ ಅರಿವೆಯಿಂದ ಒರಸಿ ಮತ್ತೆ ಒಲೆಯ ಮೇಲಿಟ್ಟೆ, ಕೈ ತೊಳೆದೆ, ಹಿಟ್ಟು ನಾದಿದೆ. ಹೊರಗೆ ಗಾಡಿ ಒಮ್ಮೆ ಜಿಗಿದು ಸತ್ತಿತು. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಮತ್ತೆ ಶುರುವಾಯಿತು ಗಾಡಿ. ನಾನು ಉಂಡೆ ಮಾಡಿ ಮುಂದಿನ ರೊಟ್ಟಿ ಬಡಿಯತೊಡಗಿದೆ.